ಸೊಸೈಟಿಗೆ ಮಹಾಸಭೆಯಿದೆ, ವಿಶ್ವವಿದ್ಯಾನಿಲಯಕ್ಕಿಲ್ಲ



ಸರ್ಕಾರ ಬದಲಾದ ಕೆಲವು ತಿಂಗಳುಗಳಲ್ಲಿ ನಮ್ಮ ರಾಜ್ಯದ ಊರೂರುಗಳ ರಸ್ತೆ ಬದಿಯಲ್ಲಿ ಒಂದು ಬಗೆಯ ಫ್ಲೆಕ್ಸ್ ಫಲಕಗಳು ತಲೆ ಎತ್ತುತ್ತವೆ. 'ವಿಶ್ವವಿದ್ಯಾನಿಲಯದ ಸಿಂಡಿಕೇಟ್ ಸದಸ್ಯರಾಗಿ ನಾಮನಿರ್ದೇಶನಗೊಂಡ ನಮ್ಮ ನೆಚ್ಚಿನ ನಾಯಕರಿಗೆ ಹಾರ್ದಿಕ ಅಭಿನಂದನೆಗಳು.' ಮೇಲ್ಗಡೆ ಪಕ್ಷದ ಹಿರಿಯರ ಭಾವಚಿತ್ರಗಳ ಸಾಲು, ನಡುವೆ ಕೈಮುಗಿದ ಅಭಿನಂದಿತರು, ಕೆಳಗಡೆ ಶುಭ ಕೋರುವವರ ಪಟ್ಟಿ. ಅಭಿನಂದಿತರು ಯಾವ ವಿಷಯದಲ್ಲಿ ಪಾರಂಗತರು, ಶಿಕ್ಷಣಕ್ಕಾಗಿ ಇದುವರೆಗೆ ಏನು ಮಾಡಿದ್ದಾರೆ ಎಂಬುದನ್ನು ತಿಳಿಸುವ ಒಂದು ಸಾಲೂ ಅಂತಹ ಫಲಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮುಂದಿನ ಸರ್ಕಾರ ಬಂದಾಗ ಆ ಫಲಕ ಹೋಗಿ ಇನ್ನೊಂದು ಬರುತ್ತದೆ. ಬಣ್ಣ ಬೇರೆ, ಒಕ್ಕಣೆ ಅದೇ.

ಈ ಸಿಂಡಿಕೇಟ್ ಎಂದರೇನು ಮಾಸ್ಟ್ರೇ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಕೇಳಿದ. ಆತ ಈಗ ಐವತ್ತು ದಾಟಿದ ಗೃಹಸ್ಥ. ಅಡಿಕೆ, ರಬ್ಬರು, ಎರಡು ಹಸು. ಇಬ್ಬರು ಮಕ್ಕಳನ್ನೂ ಪದವಿಯವರೆಗೆ ಓದಿಸಿದವನು. ನಮ್ಮ ಜಿಲ್ಲೆಯ ಹಿರಿಯರಿಗೆ ಸಿಂಡಿಕೇಟ್ ಎಂದರೆ ಮೊದಲು ನೆನಪಾಗುವುದು ಬ್ಯಾಂಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಪಿಗ್ಮಿ ಠೇವಣಿಯ ಮೂಲಕ ಮನೆಮನೆಗೆ ಬಂದು, 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆ ಅದು. ಆ ಬ್ಯಾಂಕಿನ ಪಿಗ್ಮಿ ಏಜೆಂಟ್ ನಾಲ್ಕಾಣೆ ತೆಗೆದುಕೊಂಡರೂ ಪುಸ್ತಕದಲ್ಲಿ ಬರೆದು ಕೊಡುತ್ತಿದ್ದ. ವಿಶ್ವವಿದ್ಯಾನಿಲಯದ ಸಿಂಡಿಕೇಟು ಕೋಟಿಗಟ್ಟಲೆ ರೂಪಾಯಿಗಳ ನಿರ್ಧಾರ ಕೈಗೊಳ್ಳುತ್ತದೆ. ಅದು ಯಾರಿಗೆ ಬರೆದು ಕೊಡುತ್ತದೆ ಎಂಬುದೇ ಈ ಲೇಖನದ ಪ್ರಶ್ನೆ.

ನನ್ನ ವಾದವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಹಿಂದೆ ಸೆನೆಟ್ ಎಂಬ ದೊಡ್ಡ ಸಭೆಯೊಂದಿತ್ತು. ಸಿಂಡಿಕೇಟು ಆಡಳಿತ ಮಂಡಳಿಯಾಗಿದ್ದರೆ ಸೆನೆಟ್ಟು ಮಹಾಸಭೆಯಾಗಿತ್ತು. ಕರ್ನಾಟಕವು ಆ ಮಹಾಸಭೆಯನ್ನು ಕಾನೂನಿನ ಮೂಲಕ ತೆಗೆದುಹಾಕಿತು. ಅಂದಿನಿಂದ ವಿಶ್ವವಿದ್ಯಾನಿಲಯವನ್ನು ಪ್ರಶ್ನಿಸುವ ಹಕ್ಕುಳ್ಳ ಸಭೆ ಅದರೊಳಗೆ ಯಾವುದೂ ಉಳಿಯಲಿಲ್ಲ. ಅದನ್ನು ಮರಳಿ ತರಬೇಕು. ಇಷ್ಟೇ ನನ್ನ ವಾದ, ಇನ್ನುಳಿದುದು ವಿವರಣೆ.

ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಮೂರು ವಿಶ್ವವಿದ್ಯಾನಿಲಯಗಳ ಪದವಿಪತ್ರಗಳಿವೆ. ನನ್ನ ದೊಡ್ಡಪ್ಪನವರದು ಮದ್ರಾಸಿನದು, ನನ್ನದು ಮೈಸೂರಿನದು, ನನ್ನ ಮಗಳದು ಮಂಗಳೂರಿನದು. ನಾವು ಮೂವರೂ ಇದೇ ಜಿಲ್ಲೆಯ ಕಾಲೇಜುಗಳಲ್ಲಿ ಓದಿದವರು. ನಾವಿದ್ದಲ್ಲಿಯೇ ಇದ್ದೆವು, ವಿಶ್ವವಿದ್ಯಾನಿಲಯಗಳು ಮಾತ್ರ ಬದಲಾದವು. ಆದುದರಿಂದ ಇವುಗಳ ಆಡಳಿತದ ಚರಿತ್ರೆಯನ್ನು ನಮ್ಮ ಮನೆಯ ಪೆಟ್ಟಿಗೆಯಿಂದಲೇ ಹೇಳಬಹುದು.

ಮದ್ರಾಸು, ಕಲ್ಕತ್ತೆ ಮತ್ತು ಮುಂಬಯಿಗಳ ವಿಶ್ವವಿದ್ಯಾನಿಲಯಗಳು 1857ರಲ್ಲಿ ಸ್ಥಾಪನೆಯಾದವು. ಆಗ ಅವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಅವುಗಳ ಸೆನೆಟ್ಟಿನಲ್ಲಿ 'ಫೆಲೋ'ಗಳೆಂಬ ಸದಸ್ಯರಿದ್ದರು. ಅವರನ್ನು ಸರ್ಕಾರವು ಜೀವಾವಧಿಗೆ ನೇಮಿಸುತ್ತಿತ್ತು. ದಿನನಿತ್ಯದ ಆಡಳಿತಕ್ಕಾಗಿ ಸೆನೆಟ್ಟಿನೊಳಗಿಂದ ಸಿಂಡಿಕೇಟ್ ಎಂಬ ಚಿಕ್ಕ ಸಮಿತಿ ರೂಪುಗೊಂಡಿತು. ಸೆನೆಟ್ ತಾಯಿ, ಸಿಂಡಿಕೇಟ್ ಮಗು ಎಂಬ ಈ ಸಂಬಂಧವನ್ನು ದಯವಿಟ್ಟು ನೆನಪಿನಲ್ಲಿಡಿ.

ಲಾರ್ಡ್ ಕರ್ಜನ್ನನ ಕಾಲದಲ್ಲಿ, 1904ರಲ್ಲಿ, ಭಾರತೀಯ ವಿಶ್ವವಿದ್ಯಾನಿಲಯಗಳ ಕಾಯ್ದೆ ಬಂತು. ಫೆಲೋಗಳ ಸಂಖ್ಯೆಗೆ 100ರ ಮಿತಿ ಹಾಕಿ, ಜೀವಾವಧಿಯ ಬದಲು ಐದು ವರ್ಷಗಳ ಅವಧಿ ನಿಗದಿಪಡಿಸಿ, 80 ಸ್ಥಾನಗಳನ್ನು ಕುಲಾಧಿಪತಿಗಳ ನಾಮನಿರ್ದೇಶನಕ್ಕೆ ಬಿಟ್ಟರು. ಉಳಿದ 20 ಸ್ಥಾನಗಳಿಗೆ ಮಾತ್ರ ಚುನಾವಣೆ. ಅದರಲ್ಲಿ ನೋಂದಾಯಿತ ಪದವೀಧರರಿಗೂ ಒಂದು ಪಾಲು. ಸುಧಾರಣೆಯ ಹೆಸರಿನಲ್ಲಿ ಸರ್ಕಾರದ ಹಿಡಿತವನ್ನು ಬಿಗಿಗೊಳಿಸುವ ಹುನ್ನಾರವಿದು ಎಂದು ಗೋಪಾಲಕೃಷ್ಣ ಗೋಖಲೆಯವರು ಶಾಸನ ಸಭೆಯಲ್ಲಿ ಈ ಮಸೂದೆಯನ್ನು ವಿರೋಧಿಸಿದರು. ದೇಶದ ವಿದ್ಯಾವಂತರೆಲ್ಲ ಕರ್ಜನ್ನನ ಮೇಲೆ ಕೆರಳಿದ ಕಾರಣಗಳಲ್ಲಿ ಬಂಗಾಳದ ವಿಭಜನೆಗೆ ಮೊದಲೇ ಬಂದುದು ಈ ಕಾಯ್ದೆ.

ಆದರೂ ಗಮನಿಸಿ. ನೂರರಲ್ಲಿ ಇಪ್ಪತ್ತನ್ನಾದರೂ ಕರ್ಜನ್ ಚುನಾವಣೆಗೆ ಬಿಟ್ಟಿದ್ದ! ಪದವಿ ಪಡೆದವನಿಗೆ ತನಗೆ ಪದವಿ ಕೊಟ್ಟ ಸಂಸ್ಥೆಯ ಆಡಳಿತದಲ್ಲಿ ಒಂದು ಮತವಿರಬೇಕೆಂಬ ತತ್ತ್ವವನ್ನು ಪರದೇಶದ ಆ ಅಧಿಕಾರಿಯೂ ಅಲ್ಲಗಳೆದಿರಲಿಲ್ಲ. 1923ರ ಮದ್ರಾಸ್ ವಿಶ್ವವಿದ್ಯಾನಿಲಯ ಕಾಯ್ದೆಯಲ್ಲಿ ಸೆನೆಟ್, ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು ಎಂಬ ಮೂರು ಅಂಗಗಳು ಸ್ಪಷ್ಟವಾದವು. ಸೆನೆಟ್ಟು ಧೋರಣೆಯನ್ನು ಚರ್ಚಿಸಿ ಲೆಕ್ಕ ಕೇಳುವುದು, ಸಿಂಡಿಕೇಟು ಆಡಳಿತ ನಡೆಸುವುದು, ಪಾಠಪ್ರವಚನ ಪರೀಕ್ಷೆಗಳ ವಿಷಯವನ್ನು ಅಧ್ಯಾಪಕರ ಪರಿಷತ್ತು ನೋಡಿಕೊಳ್ಳುವುದು. ಮದ್ರಾಸಿಗೆ ಸಂಯೋಜಿತವಾಗಿದ್ದ ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಸರ್ಕಾರಿ ಕಾಲೇಜು ಇವೆಲ್ಲ ಈ ವ್ಯವಸ್ಥೆಯ ನೆರಳಿನಲ್ಲಿ ಬೆಳೆದವು.

ಘಟ್ಟದ ಮೇಲೆ ಕಥೆ ಬೇರೆಯಾಗಿತ್ತು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಹೆಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಅರಸರ ಆಳ್ವಿಕೆಯಲ್ಲಿಯೂ ಅಲ್ಲಿ ಸೆನೆಟ್ ಇತ್ತು, ಆಡಳಿತಕ್ಕೆ ಕೌನ್ಸಿಲ್ ಇತ್ತು. ಮಹಾರಾಜರು ಮನಸ್ಸು ಮಾಡಿದ್ದರೆ ಒಂದು ಆಜ್ಞೆಯಿಂದ ಎಲ್ಲವನ್ನೂ ನಡೆಸಬಹುದಾಗಿತ್ತು. ಹಾಗೆ ಮಾಡದೆ ವಿದ್ಯಾವಂತರ ಸಭೆಯೊಂದನ್ನು ಕಟ್ಟಿದರು. ವಿದ್ಯೆಯ ಮನೆಯಲ್ಲಿ ಮಾತಿಗೆ ಜಾಗವಿರಬೇಕು ಎಂಬ ಅರಿವು ಅವರಿಗಿತ್ತು.

1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ನಮ್ಮ ಜಿಲ್ಲೆ ಮದ್ರಾಸಿನಿಂದ ಕಳಚಿಕೊಂಡಿತು. ನಾನು 1970ರ ದಶಕದ ಮೊದಲಿಗೆ ಪದವಿ ಮುಗಿಸಿದಾಗ ನನ್ನ ಪದವಿಪತ್ರದ ಮೇಲೆ ಮೈಸೂರಿನ ಗಂಡಭೇರುಂಡವಿತ್ತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಂಗಳೂರಿನಲ್ಲಿ ಸ್ನಾತಕೋತ್ತರ ಕೇಂದ್ರವನ್ನು ಆರಂಭಿಸಿತ್ತು. ಪ್ರೊ. ಎಸ್. ವಿ. ಪರಮೇಶ್ವರ ಭಟ್ಟರಂತಹ ಹಿರಿಯರು ಅದನ್ನು ಪೋಷಿಸಿದರು. ಅದೇ ಕೇಂದ್ರ 1980ರ ಸೆಪ್ಟೆಂಬರ್ 10ರಂದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಇತಿಹಾಸ ವಿದ್ವಾಂಸರಾದ ಪ್ರೊ. ಬಿ. ಶೇಖ್ ಅಲಿಯವರು ಮೊದಲ ಕುಲಪತಿಗಳು. ಕೊಣಾಜೆಯ ಗುಡ್ಡದ ಮೇಲೆ ನಮ್ಮದೇ ವಿಶ್ವವಿದ್ಯಾನಿಲಯವೊಂದು ಬಂತೆಂದು ನಾವೆಲ್ಲ ಹಿಗ್ಗಿದ್ದು ಸುಳ್ಳಲ್ಲ. ಮೈಸೂರಿಗೆ ಹೋಗಬೇಕಾದ ಕೆಲಸ ಎರಡು ಬಸ್ಸು ಬದಲಾಯಿಸಿದರೆ ಮುಗಿಯುತ್ತದೆ ಎಂಬುದೇ ಆಗಿನ ದೊಡ್ಡ ಸಂತೋಷ.

ನಾನು ಕಾಲೇಜಿನಲ್ಲಿದ್ದಾಗ ನಮಗೆ ಪಾಠ ಮಾಡುತ್ತಿದ್ದ ಅಧ್ಯಾಪಕರೊಬ್ಬರು ಸೆನೆಟ್ಟಿನ ಸದಸ್ಯರಾಗಿದ್ದರು. ಮನೆಯವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ. ಸಭೆಗೆ ಹೋಗುವ ಮೊದಲು ಅವರು ತರಗತಿಯಲ್ಲಿ, "ನಿಮಗೇನಾದರೂ ಹೇಳಲಿಕ್ಕುಂಟೋ?" ಎಂದು ಕೇಳುತ್ತಿದ್ದರು. ಹುಡುಗರು ಮೊದಮೊದಲು ನಕ್ಕೆವು. ಆಮೇಲೆ ಒಬ್ಬ ಪರೀಕ್ಷಾ ಕೇಂದ್ರ ದೂರವಿರುವುದನ್ನು ಹೇಳಿದ, ಇನ್ನೊಬ್ಬ ಅಂಕಪಟ್ಟಿ ತಡವಾಗುವುದನ್ನು ಹೇಳಿದ. ಅವರು ಸಣ್ಣ ಚೀಟಿಯಲ್ಲಿ ಬರೆದುಕೊಂಡು, ಸಂಪಾಜೆ ಘಟ್ಟ ಹತ್ತಿ ಮಡಿಕೇರಿಯ ದಾರಿಯಾಗಿ ಮೈಸೂರಿಗೆ ಹೋಗುತ್ತಿದ್ದರು. ಮರಳಿ ಬಂದ ಮೇಲೆ ಏನು ಕೇಳಿದೆ, ಏನು ಉತ್ತರ ಬಂತು ಎಂದು ಪಾಠಕ್ಕೆ ಮೊದಲು ಐದು ನಿಮಿಷ ವರದಿ ಒಪ್ಪಿಸುತ್ತಿದ್ದರು. ಎಲ್ಲ ಬೇಡಿಕೆಗಳೂ ಈಡೇರಿದವೆಂದು ನಾನು ಹೇಳಲಾರೆ. ಆದರೆ ಇನ್ನೂರೈವತ್ತು ಕಿಲೋಮೀಟರು ದೂರದ ಸಂಸ್ಥೆಯೊಂದು ನಮ್ಮ ಬೆಂಚಿನಿಂದ ಹೊರಟ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗಿತ್ತು. ಪೌರನೀತಿಯ ಪುಸ್ತಕ ಕಲಿಸದ ಪಾಠವನ್ನು ಆ ಐದು ನಿಮಿಷ ನಮಗೆ ಕಲಿಸಿತು.

ಈಗ ಕಾನೂನಿನ ಕಥೆಗೆ ಬರೋಣ. ಮೈಸೂರು, ಕರ್ನಾಟಕ, ಬೆಂಗಳೂರು ವಿಶ್ವವಿದ್ಯಾನಿಲಯಗಳಿಗೆ ಮೊದಲು ಬೇರೆ ಬೇರೆ ಕಾಯ್ದೆಗಳಿದ್ದವು. 1976ರಲ್ಲಿ ಅವನ್ನು ರದ್ದುಪಡಿಸಿ ಎಲ್ಲದಕ್ಕೂ ಒಂದೇ ಕಾಯ್ದೆಯನ್ನು ತರಲಾಯಿತು. ಅಣ್ಣನ ಅಂಗಿಯನ್ನೇ ತಮ್ಮಂದಿರಿಗೆಲ್ಲ ತೊಡಿಸಿದಂತೆ. ತುರ್ತು ಪರಿಸ್ಥಿತಿಯ ಆ ವರ್ಷವೇ 42ನೆಯ ತಿದ್ದುಪಡಿಯ ಮೂಲಕ ಶಿಕ್ಷಣವು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಹಾಗಿದ್ದೂ 1976ರ ಕಾಯ್ದೆ ಸೆನೆಟ್ಟನ್ನು ಉಳಿಸಿಕೊಂಡಿತ್ತು. ಅದನ್ನು ಕಿತ್ತುಹಾಕಿದ್ದು ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಕಾಯ್ದೆ, 2000. ಅದು ಜಾರಿಗೆ ಬಂದುದು 2001ರಲ್ಲಿ. ತಾಯಿ ಹೋದಳು, ಮಗು ಉಳಿಯಿತು. ಅದನ್ನು ಸಾಕುವ ಹೊಣೆಯನ್ನು ಸರ್ಕಾರ ವಹಿಸಿಕೊಂಡಿತು.

ಹೊಸ ಕಾಯ್ದೆಯ ಸಿಂಡಿಕೇಟಿನಲ್ಲಿ ಯಾರಿರುತ್ತಾರೆ? ಕುಲಪತಿಗಳು ಅಧ್ಯಕ್ಷರು. ಕಾಲೇಜು ಶಿಕ್ಷಣ ಇಲಾಖೆಯಂತಹ ಕಡೆಗಳಿಂದ ಬರುವ ಅಧಿಕಾರಿಗಳು. ಸರ್ಕಾರ ನಾಮನಿರ್ದೇಶನ ಮಾಡುವ 6 ಮಂದಿ. ರಾಜ್ಯಪಾಲರು ಕುಲಾಧಿಪತಿಗಳಾಗಿ ನಾಮನಿರ್ದೇಶನ ಮಾಡುವ ಇಬ್ಬರು. ಸರದಿಯ ಮೇಲೆ ಬರುವ ಡೀನರು ಮತ್ತು ಪ್ರಾಂಶುಪಾಲರು. ಸರ್ಕಾರದ ಆರು ಮಂದಿಯಲ್ಲಿ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಮಹಿಳೆಯರಿಗೆ, ಅಲ್ಪಸಂಖ್ಯಾತರಿಗೆ ಸ್ಥಾನವಿರಬೇಕೆಂಬ ನಿಯಮ ಒಳ್ಳೆಯದೇ. ಹಳೆಯ ಸೆನೆಟ್ಟುಗಳಲ್ಲಿ ಇಂತಹ ಖಾತ್ರಿ ಇರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಈ ಇಡೀ ಪಟ್ಟಿಯಲ್ಲಿ ಯಾರಿಂದಲಾದರೂ ಮತ ಪಡೆದು ಬಂದವರು ಎಲ್ಲಿದ್ದಾರೆ? ವಿದ್ಯಾರ್ಥಿಯಾಗಲಿ, ಪದವೀಧರನಾಗಲಿ, ಸಾಮಾನ್ಯ ಅಧ್ಯಾಪಕನಾಗಲಿ ಆರಿಸಿ ಕಳುಹಿಸಿದ ಒಬ್ಬರನ್ನೂ ಹುಡುಕಿ ತೆಗೆಯಲಾಗದು. ಕರ್ಜನ್ 20 ಬಿಟ್ಟಿದ್ದ. ನಮ್ಮವರು ಅದನ್ನೂ ಬಿಡಲಿಲ್ಲ.

ಇದರ ಅಪಹಾಸ್ಯವನ್ನು ಪೂರ್ತಿ ಅರಿಯಬೇಕಾದರೆ ಶಾಲಾ ಮಾಸ್ತರರನ್ನು ಕೇಳಬೇಕು. ಅದೇ 2001ರಲ್ಲಿ ಕರ್ನಾಟಕ ಸರ್ಕಾರವು ಪ್ರತಿಯೊಂದು ಸರ್ಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಬೇಕೆಂದು ಆದೇಶ ಹೊರಡಿಸಿತು. ಎಸ್‌ಡಿಎಂಸಿ ಎಂದು ನೀವೆಲ್ಲ ಬಲ್ಲಿರಿ. ಬೀಡಿ ಕಟ್ಟುವ ತಾಯಿ, ಕೂಲಿಗೆ ಹೋಗುವ ತಂದೆ ಆ ಸಮಿತಿಯಲ್ಲಿ ಕುಳಿತು ಬಿಸಿಯೂಟದ ಅಕ್ಕಿಯ ಲೆಕ್ಕ ಕೇಳಿದರು. ಮಾಸ್ತರು ಯಾಕೆ ತಡವಾಗಿ ಬಂದರು ಎಂದೂ ಕೇಳಿದರು. ನಮಗೆ ಕೆಲವೊಮ್ಮೆ ಕಿರಿಕಿರಿಯಾದದ್ದುಂಟು. ಆದರೂ ಶಾಲೆ ಊರಿನದು ಎಂಬ ಭಾವನೆ ಬೆಳೆಯಿತು. ಒಂದನೆಯ ತರಗತಿಯ ಮಗುವಿನ ಪೋಷಕರು ಶಾಲೆಯ ಆಡಳಿತಕ್ಕೆ ಯೋಗ್ಯರು, ಎಂ.ಎ. ಮಾಡಿದ ಪದವೀಧರ ಮಾತ್ರ ವಿಶ್ವವಿದ್ಯಾನಿಲಯದ ಆಡಳಿತಕ್ಕೆ ಅಯೋಗ್ಯ! ಒಂದೇ ಸರ್ಕಾರ ಒಂದೇ ವರ್ಷದಲ್ಲಿ ಈ ಎರಡನ್ನೂ ಹೇಳಿತು.

ಇನ್ನು ನಮ್ಮ ಸೊಸೈಟಿಗಳನ್ನು ನೋಡಿ. ಮೊಳಹಳ್ಳಿ ಶಿವರಾಯರು ಸಹಕಾರದ ಬೀಜ ಬಿತ್ತಿದ ಜಿಲ್ಲೆ ನಮ್ಮದು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೋ ಕಟ್ಟಿದವರು ನಮ್ಮ ಅಡಿಕೆ ಬೆಳೆಗಾರರು. ಮುಂಡಾಜೆಯಂತಹ ಹಳ್ಳಿಯಲ್ಲಿಯೂ ಕೃಷಿ ಪತ್ತಿನ ಸಂಘವಿದೆ, ಹಾಲಿನ ಡೈರಿಯಿದೆ. ವರ್ಷಕ್ಕೊಮ್ಮೆ ಮಹಾಸಭೆ ನಡೆಯುತ್ತದೆ. ವಾರಗಳ ಮೊದಲೇ ವರದಿಯ ಪುಸ್ತಿಕೆ ಮನೆಗೆ ಬರುತ್ತದೆ. ಜಮಾಖರ್ಚು ಓದುತ್ತಾರೆ, ಲೆಕ್ಕಪರಿಶೋಧಕರ ಆಕ್ಷೇಪಗಳನ್ನು ಓದುತ್ತಾರೆ. ಪಾಲು ಹಣ ಚಿಲ್ಲರೆಯಷ್ಟೇ ಇರುವ ಸದಸ್ಯನೂ ಎದ್ದು ನಿಂತು, "ಗೋದಾಮಿನ ಮಾಡಿಗೆ ಇಷ್ಟು ಖರ್ಚು ಹೇಗಾಯಿತು ಸ್ವಾಮೀ?" ಎಂದು ಕೇಳುತ್ತಾನೆ. ಅಧ್ಯಕ್ಷರು ಬೆವರು ಒರೆಸಿಕೊಂಡು ಉತ್ತರಿಸುತ್ತಾರೆ. ಕೊನೆಯಲ್ಲಿ ಊಟವೂ ಉಂಟು. ಸಾವಿರ ಸದಸ್ಯರ ಸೊಸೈಟಿಗೆ ಅವಶ್ಯವೆನಿಸಿದ ಈ ಸಭೆ, ಲಕ್ಷಾಂತರ ಪದವೀಧರರ ವಿಶ್ವವಿದ್ಯಾನಿಲಯಕ್ಕೆ ಅನವಶ್ಯ ಹೇಗಾಯಿತು?

ಸಿಂಡಿಕೇಟಿನ ಕೆಲಸ ಅಷ್ಟೇನೂ ದೊಡ್ಡದಲ್ಲ ಎಂದು ಭಾವಿಸಬೇಡಿ. ಆಯವ್ಯಯ, ಕಟ್ಟಡ, ಜಮೀನು, ನೇಮಕಾತಿ, ಶುಲ್ಕ, ಕಾಲೇಜುಗಳ ಸಂಯೋಜನೆ ಇವೆಲ್ಲ ಅದರ ಮುಂದೆ ಬರುತ್ತವೆ. ಹೊಸ ಕಾಲೇಜಿಗೆ ಅನುಮತಿ ಬೇಕಾದರೆ ಸ್ಥಳೀಯ ವಿಚಾರಣಾ ಸಮಿತಿ ಬಂದು ನೋಡುತ್ತದೆ. ಅದನ್ನು ಎಲ್‌ಐಸಿ ಎನ್ನುತ್ತಾರೆ. ಜೀವವಿಮೆಗೂ ಅದಕ್ಕೂ ಸಂಬಂಧವಿಲ್ಲ. ಕೊಠಡಿಗಳೆಷ್ಟು, ಪುಸ್ತಕಗಳೆಷ್ಟು, ಅಧ್ಯಾಪಕರೆಷ್ಟು ಎಂದು ಅದು ಬರೆದ ವರದಿಯ ಮೇಲೆ ನಿರ್ಧಾರವಾಗುತ್ತದೆ. ನಿಮ್ಮ ಮಗಳು ಸೇರುವ ಕಾಲೇಜಿನಲ್ಲಿ ಪ್ರಯೋಗಾಲಯ ನಿಜವಾಗಿ ಇದೆಯೋ, ಕಾಗದದಲ್ಲಿ ಮಾತ್ರ ಇದೆಯೋ ಎಂಬುದು ಈ ಹಂತದಲ್ಲಿ ತೀರ್ಮಾನವಾಗುವ ವಿಷಯ. ಇದು ರಾಕೆಟ್ ವಿಜ್ಞಾನವಲ್ಲ, ಊರಿನ ವಿಚಾರ. ಊರಿನವರಿಗೆ ಕೇಳುವ ಹಕ್ಕು ಬೇಕು.

ಈ ಹಕ್ಕು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಬಳಿ ಹತ್ತನೆಯ ತರಗತಿಯವರೆಗೆ ಓದಿದ ಹುಡುಗಿಯೊಬ್ಬಳು ಮುಂದೆ ಪದವಿ ಪರೀಕ್ಷೆಗೆ ಕುಳಿತಳು. ಯಾವ ವಿಶ್ವವಿದ್ಯಾನಿಲಯವೆಂದು ಹೇಳುವುದಿಲ್ಲ. ಒಂದು ಪತ್ರಿಕೆಯಲ್ಲಿ ಆಕೆ ಗೈರುಹಾಜರಿ ಎಂದು ಅಂಕಪಟ್ಟಿಯಲ್ಲಿ ಬಂತು. ಆಕೆ ಪರೀಕ್ಷೆ ಬರೆದಿದ್ದಳು. ಕೊಠಡಿಯ ಹಾಜರಿ ಹಾಳೆಯಲ್ಲಿ ಸಹಿಯೂ ಇತ್ತು. ಕಾಲೇಜಿನವರು ಪತ್ರ ಬರೆದರು. ಆಕೆಯ ತಂದೆ ಕೂಲಿ ಬಿಟ್ಟು ನಾಲ್ಕು ಸಲ ಹೋಗಿ ಬಂದರು. ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ, ಅಲ್ಲಿಂದ ಮುಂದಿನ ವಾರಕ್ಕೆ. ತಿದ್ದಿದ ಅಂಕಪಟ್ಟಿ ಕೈಗೆ ಬರುವಷ್ಟರಲ್ಲಿ ಬಿ.ಎಡ್. ಪ್ರವೇಶದ ದಿನ ಕಳೆದಿತ್ತು. ಮುಂದಿನ ವರ್ಷ ಆಕೆಗೆ ಮದುವೆಯಾಯಿತು. ಟೀಚರಾಗಬೇಕೆಂದು ಆರನೆಯ ತರಗತಿಯಿಂದ ಹೇಳುತ್ತಿದ್ದ ಮಗು ಅದು.

ಯಾರೋ ಒಬ್ಬ ಗುಮಾಸ್ತನ ಕೈತಪ್ಪು ಇದ್ದೀತು. ತಪ್ಪು ಎಲ್ಲಿಯೂ ಆಗುತ್ತದೆ. ಆದರೆ ಆ ತಂದೆಗೆ ಒಂದು ಅಂಚೆ ಕಾರ್ಡು ಬರೆಯಲು ವಿಳಾಸವಿರಲಿಲ್ಲ. ಪಂಚಾಯತಿಯಲ್ಲಿ ಕೆಲಸವಾಗದಿದ್ದರೆ ವಾರ್ಡಿನ ಸದಸ್ಯರಿದ್ದಾರೆ, ಡೈರಿಯಲ್ಲಿ ಫ್ಯಾಟಿನ ಲೆಕ್ಕ ತಪ್ಪಿದರೆ ನಿರ್ದೇಶಕರಿದ್ದಾರೆ. ವಿಶ್ವವಿದ್ಯಾನಿಲಯದಲ್ಲಿ ನನ್ನವರು ಎಂದು ಆತ ಯಾರನ್ನು ಹುಡುಕಬೇಕು? ಸೆನೆಟ್ಟಿದ್ದಿದ್ದರೆ ಕೆಲಸ ಆಗಿಯೇ ತೀರುತ್ತಿತ್ತೆಂದು ನಾನು ಪ್ರಮಾಣ ಮಾಡುವುದಿಲ್ಲ. ಇಂತಹ ಎಷ್ಟು ಅಂಕಪಟ್ಟಿಗಳು ಎಷ್ಟು ದಿನ ತಡವಾದವು ಎಂದು ಬಹಿರಂಗವಾಗಿ ಕೇಳುವ ಸಭೆಯೊಂದು ಮುಂದೆ ಬರಲಿದೆ ಎಂಬ ಅಂಜಿಕೆ ಆ ಕಿಟಕಿಯ ಹಿಂದೆ ಇರುತ್ತಿತ್ತು ಎನ್ನುತ್ತೇನೆ.

ಇದಕ್ಕೆ ಎದುರಾಗಿ ಬರುವ ವಾದಗಳನ್ನು ನಾನು ಬಲ್ಲೆ.

ಮೊದಲನೆಯದು: ಸೆನೆಟ್ಟುಗಳು ರಾಜಕೀಯದ ಅಖಾಡಗಳಾಗಿದ್ದವು, ಚುನಾವಣೆಗಳಲ್ಲಿ ಜಾತಿ ಮತ್ತು ಹಣ ಓಡಾಡುತ್ತಿದ್ದವು, ಸಭೆಗಳು ಗದ್ದಲದಲ್ಲಿ ಮುಗಿಯುತ್ತಿದ್ದವು. ಇದರಲ್ಲಿ ಸತ್ಯಾಂಶವಿದೆ. ಆದರೆ ಸೆನೆಟ್ಟನ್ನು ತೆಗೆದುದರಿಂದ ರಾಜಕೀಯ ಹೋಯಿತೇ? ಮೇಲೆ ಹೇಳಿದ ಫ್ಲೆಕ್ಸ್ ಫಲಕವೇ ಉತ್ತರ. ಮೊದಲು ರಾಜಕೀಯ ಸಭೆಯಲ್ಲಿ ಎಲ್ಲರ ಎದುರು ನಡೆಯುತ್ತಿತ್ತು; ಈಗ ನಾಮನಿರ್ದೇಶನದ ಪಟ್ಟಿ ಸಿದ್ಧವಾಗುವ ಕೋಣೆಯಲ್ಲಿ ನಡೆಯುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡವರಿದ್ದಾರೆಯೇ? ಸೊಸೈಟಿಯಲ್ಲಿಯೂ ರಾಜಕೀಯವಿದೆ. ಅಷ್ಟಕ್ಕೇ ಮಹಾಸಭೆ ಬೇಡವೆಂದು ಯಾವ ಸದಸ್ಯನೂ ಹೇಳುವುದಿಲ್ಲ.

ಎರಡನೆಯದು: ವಿದ್ಯೆಯ ವಿಷಯ ತಜ್ಞರಿಗೆ ಸೇರಿದ್ದು, ಮತ ಎಣಿಸಿ ತೀರ್ಮಾನಿಸುವಂಥದ್ದಲ್ಲ. ಒಪ್ಪಿದೆ. ಭೌತಶಾಸ್ತ್ರದ ಪಠ್ಯವನ್ನು ಮತಕ್ಕೆ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ. ಅದಕ್ಕೆ ಅಧ್ಯಯನ ಮಂಡಳಿಗಳಿವೆ, ವಿದ್ಯಾವಿಷಯಕ ಪರಿಷತ್ತಿದೆ. ಹಣ, ಜಮೀನು, ಶುಲ್ಕ, ಅಂಕಪಟ್ಟಿಯ ವಿಳಂಬ ಇವು ಸಾರ್ವಜನಿಕ ವಿಷಯಗಳು. ಅಲ್ಲದೆ ತಜ್ಞತೆಯ ಮಾತಾಡುವವರು ನಾಮನಿರ್ದೇಶಿತರೆಲ್ಲ ತಜ್ಞರೆಂದು ಎದೆ ಮುಟ್ಟಿ ಹೇಳಬಲ್ಲರೇ?

ಮೂರನೆಯದು: ವಾರ್ಷಿಕ ವರದಿಯನ್ನು ಸರ್ಕಾರಕ್ಕೆ ಒಪ್ಪಿಸುತ್ತಾರೆ, ವಿಧಾನಮಂಡಲ ಇದೆ, ಅದೇ ಮಹಾಸಭೆ. ರಾಜ್ಯದಲ್ಲಿ ಎಷ್ಟೊಂದು ವಿಶ್ವವಿದ್ಯಾನಿಲಯಗಳಾಗಿವೆ! ಬರ, ನೆರೆ, ಆಯವ್ಯಯ, ಪರಸ್ಪರ ಆರೋಪಗಳ ನಡುವೆ ಒಂದೊಂದರ ವರದಿಯನ್ನೂ ಸದನ ಓದಿ ಚರ್ಚಿಸುತ್ತದೆಂದು ನಂಬಲು ನಾನು ಸಿದ್ಧನಿಲ್ಲ.

ಪಕ್ಕದ ಕೇರಳವನ್ನು ನೋಡೋಣ. ನಮ್ಮ ಕಾಸರಗೋಡಿನ ಕನ್ನಡ ಮಕ್ಕಳು ಓದುವ ಕಾಲೇಜುಗಳು ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಅಲ್ಲಿ ಇಂದಿಗೂ ಸೆನೆಟ್ ಇದೆ. ಕೇರಳದ ಸೆನೆಟ್ಟುಗಳಿಗೆ ವಿದ್ಯಾರ್ಥಿಗಳೂ ಆಯ್ಕೆಯಾಗಿ ಹೋಗುತ್ತಾರೆ. ಅಲ್ಲೆಲ್ಲ ಸ್ವರ್ಗವಿದೆ ಎನ್ನಲಾರೆ. ಕಣ್ಣೂರಿನ ಕುಲಪತಿಗಳ ಮರುನೇಮಕವನ್ನು ಸರ್ವೋಚ್ಚ ನ್ಯಾಯಾಲಯವು 2023ರ ನವೆಂಬರ್ 30ರಂದು ರದ್ದುಪಡಿಸಿತು; ಸರ್ಕಾರದ ಅನುಚಿತ ಹಸ್ತಕ್ಷೇಪವೇ ಕಾರಣ. ರಾಜ್ಯಪಾಲರಿಗೂ ಸರ್ಕಾರಕ್ಕೂ ವರ್ಷಗಟ್ಟಲೆ ಜಗಳ ನಡೆಯಿತು. ಸೆನೆಟ್ ಇದ್ದರೆ ಸಾಲದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಜಗಳವೆಲ್ಲ ನಮಗೆ ತಿಳಿದದ್ದು ಅಲ್ಲಿ ಕೇಳುವವರು ಇದ್ದುದರಿಂದ. ನಮ್ಮಲ್ಲಿನ ನಿಶ್ಶಬ್ದವನ್ನು ಶಾಂತಿಯೆಂದು ತಿಳಿಯಬಾರದು.

ಈಚಿನ ವರ್ಷಗಳಲ್ಲಿ ದೆಹಲಿಗೂ ಬೆಂಗಳೂರಿಗೂ ಈ ವಿಷಯದಲ್ಲಿ ಹಗ್ಗಜಗ್ಗಾಟ ನಡೆದಿದೆ. ನಮ್ಮ 2000ದ ಕಾಯ್ದೆಯ ಪ್ರಕಾರ ಕುಲಪತಿಗಳ ಶೋಧನಾ ಸಮಿತಿಯಲ್ಲಿ ನಾಲ್ವರು: ಕುಲಾಧಿಪತಿಗಳ, ಯುಜಿಸಿಯ, ರಾಜ್ಯ ಸರ್ಕಾರದ ಮತ್ತು ಸಿಂಡಿಕೇಟಿನ ಒಬ್ಬೊಬ್ಬ ಪ್ರತಿನಿಧಿ. 2025ರ ಜನವರಿಯಲ್ಲಿ ಯುಜಿಸಿ ಪ್ರಕಟಿಸಿದ ಕರಡು ನಿಯಮಗಳು ಇದನ್ನು ಮೂವರಿಗೆ ಇಳಿಸಿ ರಾಜ್ಯ ಸರ್ಕಾರದ ಪ್ರತಿನಿಧಿಯನ್ನು ಕೈಬಿಟ್ಟವು. ಕರ್ನಾಟಕವು ಇದನ್ನು ವಿರೋಧಿಸಿ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರ ಸಮಾವೇಶವನ್ನೇ ನಡೆಸಿತು. ರಾಜ್ಯದ ಹಕ್ಕಿನ ಮಾತು ಸರಿಯಾದದ್ದೇ. ಹಣ ಕೊಡುವ ರಾಜ್ಯವನ್ನು ಹೊರಗಿಡುವುದು ನ್ಯಾಯವಲ್ಲ. ಆದರೆ ಎರಡೂ ವ್ಯವಸ್ಥೆಗಳಲ್ಲಿ ವಿಶ್ವವಿದ್ಯಾನಿಲಯದ ಸ್ವಂತ ದನಿ ಎಂದು ಉಳಿದಿರುವುದು ಸಿಂಡಿಕೇಟಿನಂತಹ ಮಂಡಳಿ ಕಳುಹಿಸುವ ಒಬ್ಬ ಪ್ರತಿನಿಧಿ ಮಾತ್ರ. ಆ ಸಿಂಡಿಕೇಟಿನಲ್ಲಿ ಚುನಾಯಿತರೇ ಇಲ್ಲದಿರುವಾಗ, ಆ ದನಿಯೂ ಬೇರೆಯವರದೇ ಪ್ರತಿಧ್ವನಿಯಾಗುವುದಿಲ್ಲವೇ? ದೆಹಲಿಯು ರಾಜ್ಯವನ್ನು ಕೇಳಲಿಲ್ಲವೆಂದು ನೊಂದುಕೊಳ್ಳುವ ಸರ್ಕಾರ, ತಾನು ಪದವೀಧರರನ್ನು ಕೇಳುವುದನ್ನು ಬಿಟ್ಟು ಇಪ್ಪತ್ತೈದು ವರ್ಷಗಳಾದವೆಂಬುದನ್ನು ಮರೆಯಬಾರದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಮದ್ದನ್ನು ಸೂಚಿಸಿತು. ಪ್ರತಿ ಸಂಸ್ಥೆಗೂ ಒಂದು ಸ್ವತಂತ್ರ ಆಡಳಿತ ಮಂಡಳಿ. ಹೊಸ ಸದಸ್ಯರನ್ನು ಆ ಮಂಡಳಿಯೇ ಆರಿಸಿಕೊಳ್ಳುವುದು. ಸರ್ಕಾರದ ಹಿಡಿತದಿಂದ ಬಿಡಿಸಿ ತಮ್ಮನ್ನು ತಾವೇ ನೇಮಿಸಿಕೊಳ್ಳುವವರ ಕೈಗೆ ಕೊಡುವುದು! ಅಲ್ಲಿಯೂ ಪದವೀಧರನಿಗೆ ಬಾಗಿಲಿಲ್ಲ.

ಕೇಳದೆ ಮಾಡಿದ ನಿರ್ಧಾರಗಳ ಫಲವನ್ನು ನಾವು ಕಂಡಿದ್ದೇವೆ. 2023ರಲ್ಲಿ ಕೊಡಗು ನಮ್ಮ ಮಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಹೊಸ ಹತ್ತು ವಿಶ್ವವಿದ್ಯಾನಿಲಯಗಳ ಪೈಕಿ ಒಂಬತ್ತನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಕೊಡಗು ಆ ಒಂಬತ್ತರಲ್ಲೊಂದು. ಇತ್ತ 2024ರಲ್ಲಿ ಸಂತ ಅಲೋಶಿಯಸ್ ಪರಿಗಣಿತ ವಿಶ್ವವಿದ್ಯಾನಿಲಯವಾಗಿ ಹೊರನಡೆಯಿತು. ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕಗಳನ್ನು ನಂಬಿದ ಸಂಸ್ಥೆಯಿಂದ ಜಿಲ್ಲೆಯೊಂದು ಹೋದರೆ, ದೊಡ್ಡ ಕಾಲೇಜುಗಳು ಹೋದರೆ ಆದಾಯ ಏನಾಗಬೇಡ? ಕಟ್ಟುವಾಗ ಯಾರನ್ನೂ ಕೇಳಲಿಲ್ಲ, ಮುಚ್ಚುವ ಮಾತಾಡುವಾಗಲೂ ಕೇಳಲಿಲ್ಲ. ಮಡಿಕೇರಿಯ, ಪುತ್ತೂರಿನ, ಬೆಳ್ತಂಗಡಿಯ ಪದವೀಧರರು ಒಂದು ಸಭೆಯಲ್ಲಿ ಕುಳಿತು ಇದರ ಲೆಕ್ಕ ಹಾಕಿ ನೋಡುವ ಅವಕಾಶವಾದರೂ ಇರಬೇಕಾಗಿತ್ತು.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದನ್ನು ಬರೆಯುತ್ತೇನೆ.

ಸೆನೆಟ್ಟನ್ನು ಚಿಕ್ಕದಾಗಿ ಮರಳಿ ತರಬೇಕು. ನೂರು ಮಂದಿ ಸಾಕು. ಅರ್ಧಕ್ಕಿಂತ ಹೆಚ್ಚಿನವರು ಚುನಾಯಿತರಿರಲಿ: ನೋಂದಾಯಿತ ಪದವೀಧರರಿಂದ, ಅಧ್ಯಾಪಕರಿಂದ, ವಿದ್ಯಾರ್ಥಿಗಳಿಂದ. ಮಹಿಳೆಯರಿಗೂ ಪರಿಶಿಷ್ಟರಿಗೂ ಹಿಂದುಳಿದವರಿಗೂ ಅಲ್ಪಸಂಖ್ಯಾತರಿಗೂ ಅದರಲ್ಲಿ ಸ್ಥಾನ ಮೀಸಲಿರಲಿ. ವರ್ಷಕ್ಕೆ ಎರಡು ಸಭೆ. ಒಂದರಲ್ಲಿ ಆಯವ್ಯಯ, ಇನ್ನೊಂದರಲ್ಲಿ ಲೆಕ್ಕಪರಿಶೋಧನೆ. ಆಡಳಿತ ನಡೆಸುವ ಅಧಿಕಾರ ಅದಕ್ಕೆ ಬೇಡ, ಕೇಳುವ ಅಧಿಕಾರ ಮಾತ್ರ ಸಾಕು.

ಸಿಂಡಿಕೇಟಿನಲ್ಲಿ ಕೆಲವರನ್ನಾದರೂ ಈ ಸೆನೆಟ್ಟು ಆರಿಸಿ ಕಳುಹಿಸಲಿ. ಸರ್ಕಾರ ನಾಮನಿರ್ದೇಶನ ಮಾಡುವುದಾದರೆ ಹೆಸರಿನೊಂದಿಗೆ ವಿದ್ಯಾರ್ಹತೆ ಮತ್ತು ಸೇವೆಯನ್ನು ಪ್ರಕಟಿಸಲಿ. ಸರ್ಕಾರ ಬದಲಾದೊಡನೆ ಸದಸ್ಯರನ್ನು ಕಿತ್ತುಹಾಕುವ ಪದ್ಧತಿ ನಿಲ್ಲಲಿ. ಯಾವ ಕ್ಷಣದಲ್ಲಿ ಕುರ್ಚಿ ಹೋಗುತ್ತದೆಂದು ತಿಳಿಯದ ಸದಸ್ಯ ನೇಮಿಸಿದವರ ಮುಖ ನೋಡುತ್ತಾನೆಯೇ ಹೊರತು ವಿದ್ಯಾರ್ಥಿಯ ಮುಖ ನೋಡುವುದಿಲ್ಲ.

ಸಿಂಡಿಕೇಟಿನ ನಡಾವಳಿಗಳು ತಿಂಗಳೊಳಗೆ ಜಾಲತಾಣದಲ್ಲಿ, ಕನ್ನಡದಲ್ಲಿಯೂ, ಪ್ರಕಟವಾಗಲಿ. ಇದಕ್ಕೆ ಹೊಸ ಕಾನೂನೇ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು, ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಮಂಡಳಿ, ಪರಿಷತ್ತು, ಸಮಿತಿಗಳ ವಿವರವನ್ನೂ, ಅವುಗಳ ಸಭೆಗಳಿಗೆ ಸಾರ್ವಜನಿಕರು ಹೋಗಬಹುದೇ, ನಡಾವಳಿಗಳು ಸಿಗುತ್ತವೆಯೇ ಎಂಬುದನ್ನೂ ತಾವಾಗಿಯೇ ಪ್ರಕಟಿಸಬೇಕೆಂದು ಹೇಳುತ್ತದೆ.

ನನ್ನ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ, ಅಮೆರಿಕೆಯಲ್ಲಿದ್ದೀರಿ. ಹೊರದೇಶದಲ್ಲಿ ಓದಿದ ಕೆಲವರು ತಮಗೆ ಅಲ್ಲಿನ ವಿಶ್ವವಿದ್ಯಾನಿಲಯದಿಂದ ಹಳೆಯ ವಿದ್ಯಾರ್ಥಿಗಳ ಮತಪತ್ರ ಬರುತ್ತದೆಂದು ನನಗೆ ಹೇಳಿದ್ದುಂಟು. ಎರಡು ವರ್ಷ ಓದಿದ ಪರದೇಶದ ಸಂಸ್ಥೆ ನಿಮ್ಮ ಮತ ಕೇಳುತ್ತದೆ. ನಿಮ್ಮನ್ನು ಪದವೀಧರರನ್ನಾಗಿ ಮಾಡಿದ ನಾಡಿನ ಸಂಸ್ಥೆ ಘಟಿಕೋತ್ಸವದ ದಿನ ನಿಮ್ಮ ಹೆಸರು ಕರೆದುದೇ ಕೊನೆ. ಇದು ನಿಮಗೆ ಸರಿ ಎನಿಸುತ್ತದೆಯೇ?

ಊರಿನಲ್ಲಿರುವವರಿಗೆ ಒಂದು ಕೆಲಸ ಹೇಳುತ್ತೇನೆ. ಮಾಸ್ತರನ ಹಳೆಯ ಚಾಳಿಯೆಂದು ಕ್ಷಮಿಸಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತೇ ರೂಪಾಯಿ. ನಿಮಗೆ ಪದವಿ ಕೊಟ್ಟ ವಿಶ್ವವಿದ್ಯಾನಿಲಯಕ್ಕೆ ಬರೆಯಿರಿ. ಕಳೆದ ವರ್ಷ ಸಿಂಡಿಕೇಟು ಎಷ್ಟು ಸಲ ಸೇರಿತು, ಯಾವ ಸದಸ್ಯರು ಎಷ್ಟು ಸಭೆಗಳಿಗೆ ಬಂದರು, ತಿದ್ದುಪಡಿ ಕೋರಿ ಬಂದ ಅಂಕಪಟ್ಟಿಗಳೆಷ್ಟು, ಅವುಗಳಲ್ಲಿ ಮೂವತ್ತು ದಿನಗಳೊಳಗೆ ಸರಿಪಡಿಸಿದವು ಎಷ್ಟು ಎಂಬ ನಾಲ್ಕೇ ಪ್ರಶ್ನೆ. ಬಂದ ಉತ್ತರದ ಒಂದು ಪ್ರತಿಯನ್ನು ನಿಮ್ಮ ಶಾಸಕರಿಗೆ ಕೊಟ್ಟು, 2000ದ ಕಾಯ್ದೆಗೆ ತಿದ್ದುಪಡಿ ಯಾವಾಗ ತರುತ್ತೀರಿ ಎಂದು ಕೇಳಿರಿ. ಇನ್ನೊಂದು ಪ್ರತಿಯನ್ನು ನನಗೆ ಕಳುಹಿಸಿರಿ. ಎಲ್ಲವನ್ನೂ ಒಂದೆಡೆ ಕೂಡಿಸಿ ಇಲ್ಲಿಯೇ ಪ್ರಕಟಿಸುತ್ತೇನೆ.